ಸಲಾಮು ಬಿಟ್ಟ ಆಟ

ನಮ್ಮ ಭಾವ ಬಹ್ಗತ್‌ನನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಕೆನಾ ಪಟ್ಟಣದ ಸುತ್ತಲಿನ ಹಳ್ಳಿಗಳಲ್ಲಿ ದೊಣ್ಣೆವರಸೆಗೆ ಅವನೇ ಸೈ ಎಂದು ಜನ ಹೊಗಳಿ ಅಟ್ಟಕ್ಕೇರಿಸಿದ್ದರು. ಆ ಹೊಗಳಿಕೆಯಿಂದ ನನ್ನ ಅಕ್ಕ ವಹೀಬಾಳ ಒಲೆಯ ಮೇಲೆ ಒಂದು ಹೊತ್ತಿನ ಅವರೆಯೂ ಬೇಯಲಿಲ್ಲ.

ಹೋದ ವರ್ಷ ಕ್ಷೌರಿಕ ಶಾಜ್ಲಿ ಅವನ ನೆತ್ತಿಗೆ ದೊಣ್ಣೆ ಮುಟ್ಟಿಸಿ ಗೆದ್ದ. ಆಮೇಲೆ ಕಬ್ಬಿನ ಗಾಡಿಯಿಂದ ಬಿದ್ದು ಭಾವನ ಹೆಗಲು ಮುರಿಯಿತು. ಹೆಗಲು ಮುರಿದರೂ ಜಂಭ ಮುರಿಯಲಿಲ್ಲ. ನಾಲ್ಕು ತಿಂಗಳಿಗೆ ನನ್ನ ಮಗನ ಮದುವೆಯಿತ್ತು. ಆ ಮದುವೆಯ ಆಟದಲ್ಲಿ ಶಾಜ್ಲಿಯನ್ನು ಸೋಲಿಸದಿದ್ದರೆ ಮತ್ತೆ ದೊಣ್ಣೆ ಮುಟ್ಟುವುದಿಲ್ಲ ಎಂದು ಊರೆದುರು ಆಣೆ ಹಾಕಿದ.

ನಾಲ್ಕು ತಿಂಗಳು ಬಾಗಿಲ ಮುಂದಿನ ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತ. ಮಣಿಕಟ್ಟು ಮಾತ್ರ ಆಗಾಗ ಜಿಗಿಯುತ್ತಿತ್ತು. ಅಕ್ಕ ಚಹಾ ತಂದರೆ, "ಸುಮ್ನಿರೇ, ಮನಸ್ಸಲ್ಲೇ ಶಾಜ್ಲಿ ಜೊತೆ ಆಡ್ತಾ ಇದೀನಿ" ಎಂದು ಗದರುತ್ತಿದ್ದ.

"ಭಾವ, ಮೊದ್ಲು ಸಲಾಮ್ ಮಾಡ್ತೀರೋ ಇಲ್ವೋ?" ಎಂದು ಒಮ್ಮೆ ಕೆಣಕಿದೆ.

"ಆ ನಾಯಿಗಾ? ಮನಸ್ಸಲ್ಲೂ ಮಾಡಲ್ಲ. ಡೋಲು ಶುರುವಾಯ್ತಾ, ಸೀದಾ ತಲೆಗೆ."

ದೊಣ್ಣೆ ನೆಲಕ್ಕೆ ತಗ್ಗಿಸಿ, ಬಾಗಿ, ಎದೆ ಮುಟ್ಟಿ ಸಲಾಮು ಮಾಡಿದ ಮೇಲೆಯೇ ನಮ್ಮಲ್ಲಿ ಆಟ. ಬಾಗಿದವನನ್ನು ಹೊಡೆದವನಿಗೆ ಜನ್ಮದಲ್ಲಿ ಮತ್ತೆ ಆಟದ ಅಂಗಳವಿಲ್ಲ.

ಮದುವೆಯ ದಿನ ಡೋಲು ಬಡಿಯಿತು. ಶಾಜ್ಲಿ ಬಾಗಿದ. ಭಾವನ ದೊಣ್ಣೆ ಅವನ ಹಣೆಯನ್ನು ಸೀಳಿತು. ಡೋಲು ನಿಂತಿತು. ಹಿರಿಯರು ಬಂದು ಭಾವನ ದೊಣ್ಣೆ ಕಿತ್ತುಕೊಂಡರು. ಮಗನ ಮದುವೆಯಲ್ಲಿ ರಕ್ತ ಬಿದ್ದಿದ್ದಕ್ಕೆ ನನಗೆ ಅವನ ಕತ್ತು ಹಿಸುಕುವಷ್ಟು ಸಿಟ್ಟು ಬಂತು.

"ಬೇಕಂತ ಹೊಡೀಲಿಲ್ಲ ಕಣೋ. ನಾನೂ ಬಾಗೋಣ ಅಂತಾನೇ ಇದ್ದೆ. ಕೈ ತಾನೇ ಹೋಯ್ತು" ಎಂದ ಭಾವ.

"ನಾಲ್ಕು ತಿಂಗಳು ಕಲಿಸಿದ್ದನ್ನೇ ಮಾಡ್ತು ಬಿಡಿ" ಎಂದೆ. ಅಯ್ಯೋ ಪಾಪ ಅನಿಸಲಿಲ್ಲ.

ಈಗಲೂ ಅದೇ ಜಗಲಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಾನೆ. ಮಣಿಕಟ್ಟು ಜಿಗಿಯುವುದಿಲ್ಲ. ಕೈ ಮತ್ತೆ ಮತ್ತೆ ಎದೆಗೆ ಹೋಗುತ್ತದೆ. ಮೊನ್ನೆ ತಡೆಯಲಾರದೆ ಕೇಳಿದೆ:

"ಈಗ್ಯಾವ ಆಟ ಭಾವ?"

"ಸಲಾಮ್ ಮಾಡ್ತಾ ಇದೀನಿ."

"ಶಾಜ್ಲಿ ಏನಂತಾನೆ?"

ಅವನು ಕಣ್ಣು ತೆರೆಯಲಿಲ್ಲ.

"ಅವ್ನು ಬಾಗ್ತಾನೇ ಇಲ್ಲ ಕಣೋ. ಸುಮ್ನೆ ನಿಂತು ನನ್ನ ಕೈನೇ ನೋಡ್ತಾನೆ."