ಐವತ್ತು ಪೌಂಡಿನ ವರ್ನಾ

ಆಸ್ಟ್ರೇಲಿಯಾದ ಕಡಲತೀರದ ವಾಲರೂ ಊರಿನ ವರ್ನಾ ಪಾಸ್ಕೋಗೆ ಎಪ್ಪತ್ತೆಂಟು ವರ್ಷ. ಬ್ರೆಡ್ಡಿನ ಖಾಲಿ ಚೀಲಗಳನ್ನು ತೊಳೆದು, ಬಟ್ಟೆ ತಂತಿಗೆ ಕ್ಲಿಪ್ಪು ಹಾಕಿ ಒಣಗಿಸುವವಳು ಆ ಬೀದಿಯಲ್ಲಿ ಅವಳೊಬ್ಬಳೇ. ಗಂಡನ ಶರ್ಟಿನ ಕಾಲರು ಸವೆದರೆ ಬಿಚ್ಚಿ, ತಿರುಗಿಸಿ ಹೊಲಿದು, ಇನ್ನೂ ನಾಲ್ಕು ವರ್ಷ ಓಡಿಸಿದವಳು ಅವಳು. ಅವನು ತೀರಿಕೊಂಡ ಮೇಲೆ ಅವೇ ಶರ್ಟುಗಳು ದಿಂಬಿನ ಚೀಲಗಳಾದವು. ಇದನ್ನೆಲ್ಲ ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ. ಗೇಟು ಕಿರ್ರೆಂದರೆ ಸಾಕು, ಬ್ರೆಡ್ ಚೀಲಗಳನ್ನು ಬಾಚಿಕೊಂಡು ಒಳಗೆ ಓಡುತ್ತಿದ್ದಳು.

ನಾಚಿಕೆಗೆ ಕಾರಣವಿತ್ತು. ಅವಳು ಬೆಳೆದದ್ದು ಏಳು ಮಕ್ಕಳ ಮನೆಯಲ್ಲಿ. ಅಪ್ಪನಿಗೆ ಬಂದರಿನ ಕಟ್ಟೆಯ ಮೇಲೆ ಗೋಧಿ ಮೂಟೆ ಹೊರುವ ಕೆಲಸ. ಹಡಗು ಬಂದರೆ ಕೂಲಿ, ಬಾರದಿದ್ದರೆ ಇಲ್ಲ. ಅಮ್ಮ ಹಿಟ್ಟಿನ ಚೀಲ ಬಿಚ್ಚಿ ಮಕ್ಕಳಿಗೆಲ್ಲ ಚಡ್ಡಿ ಹೊಲಿಯುತ್ತಿದ್ದಳು. ಎಷ್ಟು ಕುದಿಸಿದರೂ ಅದರ ಮೇಲಿನ ಹೆಸರು, ತೂಕದ ಅಚ್ಚು ಹೋಗುತ್ತಿರಲಿಲ್ಲ, ಹಾಳಾದ್ದು. ಎಂಟನೆಯ ವಯಸ್ಸಿನಲ್ಲಿ ಶಾಲೆಯ ಓಟದ ಪಂದ್ಯದಲ್ಲಿ ವರ್ನಾ ಮುಗ್ಗರಿಸಿ ಬಿದ್ದಳು, ಲಂಗ ತಲೆಯ ಮೇಲೆ ಹೋಯಿತು, 'ಅಪ್ಪಟ ಹಿಟ್ಟು, ಐವತ್ತು ಪೌಂಡ್' ಎಂಬುದನ್ನು ಇಡೀ ಶಾಲೆ ಓದಿತು. "ಏ ಐವತ್ತು ಪೌಂಡು, ಏಳೇ ಮೇಲೆ!" ಎಂದು ಮೊದಲು ಕೂಗಿದವಳು ಔಷಧಿ ಅಂಗಡಿಯವರ ಮಗಳು ಗ್ವೆಂಡಾ. ಶಾಲೆ ಬಿಡುವ ತನಕ ಆ ಹೆಸರು ಅವಳನ್ನು ಬಿಡಲಿಲ್ಲ.

ಅದೇ ಗ್ವೆಂಡಾ ಈಗ ಊರ ಗ್ರಂಥಾಲಯದ ಓದುಗರ ಬಳಗದ ಯಜಮಾನಿ. ವರ್ನಾ ಹತ್ತು ವರ್ಷದಿಂದ ಅಲ್ಲಿಗೆ ಹೋಗುತ್ತಾಳೆ. ಊರು ಚಿಕ್ಕದು, ಓದುವ ಚಟ ದೊಡ್ಡದು; ಮುನಿಸಿಕೊಂಡು ಕೂತರೆ ಪುಸ್ತಕದ ಮಾತಾಡಲು ಇನ್ನೆಲ್ಲಿಗೆ ಹೋಗುವುದು? ಬಳಗಕ್ಕೆ ವರ್ಷಕ್ಕೊಂದು ವಿಷಯ. ಹೋದ ವರ್ಷ ಕೊಲೆ, ಈ ವರ್ಷ ಸುಸ್ಥಿರ ಬದುಕು.

"'ಸುಸ್ಥಿರ' ಅನ್ನೋಕೆ ಹೋದ್ರೆ ನನ್ನ ಕಟ್ಟಿಸಿದ ಹಲ್ಲು ಕಳಚ್ಕೊಳುತ್ತೆ ಕಣೇ. ಕೊಲೇನೇ ಚೆನ್ನಾಗಿತ್ತು," ಎಂದಳು ವರ್ನಾ, ಪಕ್ಕದಲ್ಲಿ ಕೂತವಳಿಗೆ.

ಈ ವರ್ಷದ ಮೂರನೆಯ ಪುಸ್ತಕ ಬರೆದವನು, ವರ್ಷವಿಡೀ ಹೊಸದೇನನ್ನೂ ಕೊಳ್ಳದೆ ಬದುಕಿದ ಒಬ್ಬ ನಗರವಾಸಿ. ಚೀಲ ತೊಳೆದು ಒಣಗಿಸಿದ ಕಥೆಗೇ ಅವನು ನಲವತ್ತು ಪುಟ ತೆಗೆದುಕೊಂಡಿದ್ದ. ಓದಿ ಗ್ವೆಂಡಾ ಕರಗಿಹೋದಳು. "ಮುಂದಿನ ಗುರುವಾರ ಎಲ್ರೂ ಮನೆಯಿಂದ ಒಂದೊಂದು ಮರುಬಳಕೆಯ ವಸ್ತು ತನ್ನಿ, ಅದರ ಕಥೆ ಹೇಳಿ," ಎಂದು ಅಪ್ಪಣೆ ಕೊಡಿಸಿದಳು.

ವರ್ನಾಳ ಬಟ್ಟೆ ಬೀರುವಿನ ತಳದಲ್ಲಿ ಆ ಚಡ್ಡಿ ಇನ್ನೂ ಇತ್ತು. ಅಮ್ಮನ ಕೈ ಹೊಲಿಗೆ ಎಂದು ಉಳಿದಿತ್ತು. ಅವಮಾನ ಎಂದು ತಳ ಸೇರಿತ್ತು. ಆ ವಾರವಿಡೀ ಅದನ್ನು ತೆಗೆದಳು, ಮಡಚಿಟ್ಟಳು, ಮತ್ತೆ ತೆಗೆದಳು. ಒಯ್ದರೆ ಗ್ವೆಂಡಾಳ ಮುಂದೆ ಮತ್ತೆ ಐವತ್ತು ಪೌಂಡು ಆಗಬೇಕು. ಬಚ್ಚಿಟ್ಟರೆ ಅಮ್ಮನನ್ನೇ ಬಚ್ಚಿಟ್ಟಂತೆ. ಎಪ್ಪತ್ತು ವರ್ಷ ತಾನು ಮಾಡಿದ್ದು ಅದನ್ನೇ ಅಲ್ಲವೇ ಎನ್ನಿಸಿ ಅವಳಿಗೆ ಅಳು ಬಂತು.

ಗುರುವಾರ ಒಬ್ಬರು ಜಾಮ್ ಬಾಟಲಿ ತಂದರು, ಒಬ್ಬರು ಟೈರಿನ ಹೂಕುಂಡ. ಗ್ವೆಂಡಾ ತಂದದ್ದು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಮಾಡಿದ ಚೀಲ, ಅಡಿಲೇಡಿನ ದೊಡ್ಡ ಅಂಗಡಿಯಲ್ಲಿ ಹೊಸದಾಗಿ ಕೊಂಡದ್ದು!

ವರ್ನಾ ಎದ್ದು ನಿಂತಳು. "ಇದು ನನ್ನ ಚಡ್ಡಿ," ಎಂದಳು.

ಎಲ್ಲರೂ ಗೊಳ್ಳೆಂದರು. ಅವಳು ಹಿಟ್ಟಿನ ಚೀಲದ ಕಥೆ ಹೇಳಿದಳು, ಓಟದ ಕಥೆಯೊಂದನ್ನು ಬಿಟ್ಟು.

"ಅಬ್ಬಾ!" ಎಂದು ಗ್ವೆಂಡಾ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಆ ಕಾಲದವರಿಗೆ ಭೂಮಿ ಮೇಲೆ ಎಷ್ಟು ಕಾಳಜಿ ನೋಡಿ!"

ವರ್ನಾಗೆ ಉರಿದುಹೋಯಿತು. "ಭೂಮಿನೂ ಇಲ್ಲ, ಮಣ್ಣೂ ಇಲ್ಲ ಗ್ವೆಂಡಾ. ನಮ್ಮಮ್ಮನ ಹತ್ರ ಬೇರೆ ಬಟ್ಟೆ ಇರ್ಲಿಲ್ಲ. ಅವಳು ಕಾಪಾಡಿದ್ದು ಭೂಮೀನಲ್ಲ ಕಣೇ, ನನ್ನ ಕುಂಡೀನ. ತಗೋ, ಹಿಂದೆ ಏನು ಬರ್ದಿದೆ ಓದು."

ಗ್ವೆಂಡಾ ಕನ್ನಡಕ ಏರಿಸಿ ಜೋರಾಗಿ ಓದತೊಡಗಿದಳು. "ಅಪ್ಪಟ ಹಿಟ್ಟು... ಐವತ್ತು..." ಅಲ್ಲಿಗೆ ದನಿ ನಿಂತಿತು.

"ನಾನೇ ಅಲ್ವಾ ಕೂಗಿದ್ದು?" ಎಂದಳು ಮೆಲ್ಲಗೆ.

"ಇನ್ಯಾರು?"

"ಇಷ್ಟು ವರ್ಷ ಒಂದು ಮಾತೂ ಆಡ್ಲಿಲ್ಲವಲ್ಲೇ ನೀನು."

"ನಿನ್ನ ಬಾಯಿಗೆ ಬಿಡುವೆಲ್ಲಿತ್ತು, ನಾನು ಆಡೋಕೆ?"

ಗ್ವೆಂಡಾ ಚಡ್ಡಿಯ ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಸಣ್ಣ, ಒಂದೇ ಅಳತೆಯ, ನೀಲಿ ದಾರದ ಹೊಲಿಗೆ; ಕೊಂಡು ತಂದ ಲೇಸಿನಂತೆ ಕಾಣಲೆಂದು ವರ್ನಾಳ ಅಮ್ಮ ಹಾಕಿದ್ದು. "ಇದನ್ನ ನೋಡ್ಲೇ ಇಲ್ಲ ನಾನು," ಎಂದಳು. ಅವಳ ಕಣ್ಣು ತುಂಬಿತ್ತು. "ಅಕ್ಷರ ಮಾತ್ರ ನೋಡಿದೆ."

ಮರುದಿನ ಬೆಳಿಗ್ಗೆ ಗೇಟು ಕಿರ್ರೆಂದಿತು. ಮೊಣಕೈ ಹರಿದ ಸ್ವೆಟರು ಹಿಡಿದು ಗ್ವೆಂಡಾ ನಿಂತಿದ್ದಳು. "ಎಸೆಯೋಣ ಅಂತಿದ್ದೆ. ಹೊಲಿಯೋಕೆ ಹೇಳ್ಕೊಡ್ತೀಯಾ?"

"ಬಾ, ಇಲ್ಲೇ ಬಿಸಿಲಲ್ಲಿ ಕೂತ್ಕೋ. ಸೂಜಿಗೆ ದಾರ ನೀನೇ ಪೋಣಿಸ್ಬೇಕು, ನಂಗೆ ಕಣ್ಣು ಕಾಣಲ್ಲ."

ತಂತಿಯ ಮೇಲೆ ಒಂಬತ್ತು ಬ್ರೆಡ್ ಚೀಲಗಳು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು. ಅವನ್ನು ತೆಗೆಯಲು ವರ್ನಾ ಏಳಲಿಲ್ಲ.