ಯಾರ ಬೆನ್ನಿನ ಮೇಲಿನ ಗಾದರಿ

ಒಂದು ಬೆನ್ನು ನನಗೆ ನೆನಪಿದೆ. ಬಚ್ಚಲ ಕಲ್ಲಿನ ಮೇಲೆ ಕುಳಿತ ಸಣ್ಣ ಬೆನ್ನು, ಅದರ ತುಂಬ ಕೆಂಪು ಗಾದರಿಗಳು. ಅವ್ವ ಆಮಸೂಲವನ್ನು, ಒಣಗಿದ ಮುರುಗಲ ಸಿಪ್ಪೆಯನ್ನು, ನೆನೆಸಿದ ನೀರನ್ನು ಅಂಗೈಯಿಂದ ಸವರುತ್ತಿದ್ದಾಳೆ. ನೀರು ಕಂದುಗೆಂಪಾಗಿ ಕಲ್ಲಿಗೆ ಇಳಿಯುತ್ತಿದೆ. ಪೆನ್ಸಿಲಿನ್ ಇಂಜೆಕ್ಷನ್ ಮಾಡಿಸಿಕೊಂಡು ಬಂದ ದಿನ ಅದು. ಮನೆಯಲ್ಲಿ ಮಕ್ಕಳು ಇಬ್ಬರೇ: ನಾನು, ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ. ಬೆನ್ನು ಇಬ್ಬರಲ್ಲಿ ಯಾರದು ಎಂದು ಯೋಚಿಸುವ ಅಗತ್ಯ ಬಹಳ ಕಾಲ ಬರಲಿಲ್ಲ.

ಬಂದದ್ದು ಎರಡು ಸಾವಿರದ ಎಂಟರಲ್ಲೋ ಒಂಬತ್ತರಲ್ಲೋ. ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿದ ನಾನು ಅಥಣಿಯಲ್ಲಿ ಒಂದು ವರ್ಷ, ರಾಯಬಾಗದಲ್ಲಿ ಎಂಟು ತಿಂಗಳು ಎಂದು ಲ್ಯಾಬು ಬದಲಿಸುತ್ತ ಚಿಕ್ಕೋಡಿಗೆ ಬಂದಿದ್ದೆ. ಎಲ್ಲಿಯೂ ಜಗಳವಾಗಿರಲಿಲ್ಲ. ಸ್ವಲ್ಪ ದಿನ ಕಳೆದರೆ ಅಲ್ಲಿರಲಾಗುತ್ತಿರಲಿಲ್ಲ, ಅಷ್ಟೆ. ಅವ್ವ, ಅಪ್ಪ ತೀರಿಹೋಗಿದ್ದರು. ಭಾನುವಾರ ಬಸ್ಸು ಹಿಡಿದು ಭೋಜದ ಅಕ್ಕನ ಮನೆಗೆ ಹೋಗಿ ರೊಟ್ಟಿ ತಿಂದು ಬರುವುದು, ನನಗಿದ್ದ ಬಳಗ ಅಷ್ಟೇ. ಉಳಿದ ದಿನ ಲ್ಯಾಬಿನಲ್ಲಿ ಬಿಟ್ಟರೆ ಯಾರೊಡನೆಯೂ ಮಾತಾಡದೆ ವಾರ ಕಳೆಯುತ್ತಿತ್ತು.

ಅಕ್ಕನ ಮನೆಯಲ್ಲಿ ದೇವರ ಗೂಡಿನ ಪಕ್ಕ ಚಹಾಪುಡಿಯ ಹಳೆಯ ಡಬ್ಬಿಯೊಂದಿತ್ತು. ಜ್ವರಕ್ಕೆಂದು ತಂದ ಗುಳಿಗೆಗಳಲ್ಲಿ ಜ್ವರ ಇಳಿದ ಮೇಲೆ ಉಳಿದವೆಲ್ಲ ಅದರಲ್ಲಿ. ಹೆಚ್ಚಿನವು ಸೆಫಿಕ್ಸಿಮ್. ಪೆನ್ಸಿಲಿನ್ನಿನ ದೂರದ ನೆಂಟರೆನ್ನಬಹುದಾದ ಸೆಫಲೋಸ್ಪೊರಿನ್ ಗುಂಪಿನ ಔಷಧ. ಬೆಳಿಗ್ಗೆ ಹೆಪ್ಪು ಕೇಳಲು ಬಂದ ನೆರೆಯವರು ಹಾಗೆಯೇ ಜ್ವರದ ಗುಳಿಗೆಯನ್ನೂ ಕೇಳುತ್ತಿದ್ದರು. ಅಕ್ಕ ಎರಡು ಕೊಡುತ್ತಿದ್ದಳು. ತನಗೆ ಬೇಕಾದಾಗ ಅವರ ಮನೆಯಿಂದ ಎರಡು ತರುತ್ತಿದ್ದಳು. ಅರ್ಧಕ್ಕೆ ಬಿಟ್ಟರೆ ಸಾಯದೆ ಉಳಿದ ಜೀವಾಣುಗಳೇ ಬೆಳೆಯುತ್ತವೆ, ಆಮೇಲೆ ಈ ಔಷಧಕ್ಕೆ ಅವು ಹೆದರುವುದಿಲ್ಲ ಎಂದು ಹೇಳಿ ನೋಡಿದೆ. ಆಕೆ ಕೇಳಿಸಿಕೊಂಡು, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

"ಹೆಪ್ಪ ಕೇಳಿದವ್ರಿಗೆ ಇಲ್ಲ ಅನ್ನಾಕ ಬರತೈತೇನೋ ತಮ್ಮಾ? ಗುಳಿಗಿನೂ ಹಂಗ."

ಒಂದು ಚಳಿಗಾಲ ಅಕ್ಕನನ್ನು ನಿಪ್ಪಾಣಿಯ ಆಸ್ಪತ್ರೆಗೆ ಸೇರಿಸಿದ್ದಾರೆಂದು ಫೋನು ಬಂತು. ಆಕೆಯ ಗಂಡ ಕಬ್ಬಿನ ಟ್ರ್ಯಾಕ್ಟರ್ ತೆಗೆದುಕೊಂಡು ಉಗಾರ ಖುರ್ದದ ಫ್ಯಾಕ್ಟರಿ ಮುಂದೆ ಪಾಳಿಯಲ್ಲಿ ನಿಂತಿದ್ದ. ನಾನು ಹೋದಾಗ ಅಕ್ಕ ಚಳಿಗೆ ನಡುಗುತ್ತ ಏನೇನೋ ಬಡಬಡಿಸುತ್ತಿದ್ದಳು. ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದರು ಡಾಕ್ಟರು. ನಡುವಯಸ್ಸಿನ ಹೆಂಗಸು, ಸಾವಧಾನದವರು. ಅದೇ ಸೆಫಲೋಸ್ಪೊರಿನ್ ಗುಂಪಿನ ಸೆಫ್ಟ್ರಿಯಾಕ್ಸೋನ್ ಶುರುಮಾಡುವ ಮುಂಚೆ, ಹಿಂದೆ ಯಾವುದಾದರೂ ಔಷಧ ಒಗ್ಗದೆ ಹೋಗಿದೆಯೇ ಎಂದು ಕೇಳಿದರು.

ಬೆನ್ನು ಕಣ್ಣಮುಂದೆ ಬಂತು. ಪೆನ್ಸಿಲಿನ್ನಿಗೆ ಮೈಯೆಲ್ಲ ಗಾದರಿ ಎದ್ದಿದ್ದವು ಎಂದೆ. ಅವರು ಪೆನ್ನು ಕೆಳಗಿಟ್ಟರು. ಪೆನ್ಸಿಲಿನ್ ಒಗ್ಗದವರಿಗೆ ಈ ಔಷಧವೂ ಒಗ್ಗುವುದಿಲ್ಲವೆಂಬ ಹಳೆಯ ಭಯ ಬಹುಮಟ್ಟಿಗೆ ಅತಿಯಾದದ್ದು ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬರೀ ಗಾದರಿಯಾದರೆ ಕೊಡಬಹುದಿತ್ತು, ಉಸಿರು ಕಟ್ಟಿದ್ದರೆ ಕೊಡುವಂತಿರಲಿಲ್ಲ.

"ಉಸುರು ಕಟ್ಟಿತ್ತೇನ್ರಿ ಆವಾಗ? ನೆನಪು ಮಾಡ್ಕೊಂಡು ಹೇಳ್ರಿ. ಇದನ್ನ ಬಿಟ್ರ ನಾ ಕೊಡೂದು ಕಿಡ್ನಿಗೆ ಭಾರ ಐತಿ."

ತಪ್ಪು ಯಾವ ಕಡೆ ಹೇಳಿದರೂ ಅಕ್ಕನ ಜೀವಕ್ಕೇ ಬರುವಂತಿತ್ತು. ನಾನು ತರ್ಕ ಮಾಡಿದೆ. ತನ್ನ ಬೆನ್ನನ್ನು ತಾನೇ ಯಾರೂ ನೋಡಲಾರರು. ನನಗೆ ಕಾಣುತ್ತಿರುವುದು ಬೆನ್ನು. ಹಾಗಾದರೆ ಅದು ಅಕ್ಕನದೇ. ಡಬ್ಬಿಯ ಸೆಫಿಕ್ಸಿಮ್ ಆಕೆಗೆ ಒಗ್ಗುತ್ತಿತ್ತೆಂಬುದು ಆಗ ಹೊಳೆಯಲೇ ಇಲ್ಲ. ಕಟ್ಟಿತ್ತು ಎಂದೆ. ಉಸಿರು ಕಟ್ಟಿದ್ದನ್ನು ನಿಜವಾಗಿ ನೋಡಿದ್ದೆನೋ, ಆ ಗಳಿಗೆಯ ಭಯವೇ ಅದನ್ನು ಸೇರಿಸಿತೋ, ಇಂದಿಗೂ ಹೇಳಲಾರೆ. ಅವರು ಸೆಫ್ಟ್ರಿಯಾಕ್ಸೋನ್ ಎಂಬುದನ್ನು ಹೊಡೆದುಹಾಕಿ ಅಮಿಕಾಸಿನ್ ಬರೆದರು.

ಮೂತ್ರದ ಸ್ಯಾಂಪಲ್ಲನ್ನು ಐಸಿನ ಡಬ್ಬಿಯಲ್ಲಿಟ್ಟುಕೊಂಡು ನಾನೇ ಚಿಕ್ಕೋಡಿಗೆ ತಂದು ಪರೀಕ್ಷೆಗೆ ಹಚ್ಚಿದೆ. ಜೀವಾಣು ಬೆಳೆಯಲು ಒಂದು ದಿನ, ಯಾವ ಔಷಧಕ್ಕೆ ಸಾಯುತ್ತದೆಂದು ತಿಳಿಯಲು ಇನ್ನೊಂದು ದಿನ. ಎರಡು ದಿನವೂ ಮಧ್ಯಾಹ್ನ ನಿಪ್ಪಾಣಿಗೆ ಹೋಗಿ, ಆಕೆ ಉಚ್ಚೆ ಎಷ್ಟು ಹೊಯ್ದಳು ಎಂದು ನರ್ಸಮ್ಮನನ್ನು ಕೇಳಿ ಬಂದೆ. ಕಿಡ್ನಿ ಕೆಟ್ಟರೆ ಕೆಡಿಸಿದವನು ನಾನು.

ಮೂರನೆಯ ಬೆಳಿಗ್ಗೆ, ಬೇರೆ ಯಾರೂ ಬರುವ ಮೊದಲು, ಜೀವಾಣು ಹರಡಿ ಔಷಧದ ಬಿಲ್ಲೆಗಳನ್ನಿಟ್ಟಿದ್ದ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಔಷಧ ಕೆಲಸ ಮಾಡಿದರೆ ಅದರ ಬಿಲ್ಲೆಯ ಸುತ್ತ ಏನೂ ಬೆಳೆಯದ ಒಂದು ಬಳೆ ಕಾಣುತ್ತದೆ. ಸೆಫಲೋಸ್ಪೊರಿನ್ನಿನ ಮೂರು ಬಿಲ್ಲೆಗಳಿಗೂ ಬಳೆಯಿರಲಿಲ್ಲ. ಜೀವಾಣು ಬಿಲ್ಲೆಯ ಅಂಚಿನವರೆಗೂ, ಹುಲ್ಲು ಕಲ್ಲಿನ ಬುಡಕ್ಕೆ ಬೆಳೆದ ಹಾಗೆ, ಬೆಳೆದಿತ್ತು. ಅಮಿಕಾಸಿನ್ ಸುತ್ತ ಅಗಲವಾದ ಬಳೆ. ಸೆಫ್ಟ್ರಿಯಾಕ್ಸೋನ್ ಕೊಟ್ಟಿದ್ದರೆ ಎರಡು ದಿನ ವ್ಯರ್ಥವಾಗುತ್ತಿತ್ತು. ಅಷ್ಟು ದಿನ ಆಕೆಗೆ ಇತ್ತೋ ಇಲ್ಲವೋ. ಡಬ್ಬಿಯ ಗುಳಿಗೆಗಳಿಂದಲೇ ಹೀಗಾಯಿತೆಂದು ನಾನು ಸಾಧಿಸಲಾರೆ. ಅಂಥ ಜೀವಾಣು ಆಗಲೇ ಎಲ್ಲಿಂದಲಾದರೂ ಬರಬಹುದಿತ್ತು. ಆದರೂ ಪ್ಲೇಟು ಹಿಡಿದಾಗ ನೆನಪಾದದ್ದು ಆ ಡಬ್ಬಿಯೇ. ಯಾರಿಗಾದರೂ ತೋರಿಸಬೇಕೆನಿಸಿತು. ತೋರಿಸಬೇಕಾದವಳು ನಿಪ್ಪಾಣಿಯಲ್ಲಿ ಮಲಗಿದ್ದಳು.

ಅಕ್ಕ ಉಳಿದಳು. ಕಿಡ್ನಿಯೂ ಉಳಿಯಿತು. ಮನೆಗೆ ಬಂದ ಮೇಲೆ ಒಂದು ಭಾನುವಾರ, ಹೆಮ್ಮೆಯಿಂದಲೇ, ನನ್ನ ನೆನಪು ಹೇಗೆ ಕೆಲಸಕ್ಕೆ ಬಂತೆಂದು ಹೇಳಿದೆ. ಆಕೆ ಮಜ್ಜಿಗೆ ಕಡೆಯುವುದನ್ನು ನಿಲ್ಲಿಸಿದಳು.

"ಗಾದರಿ ಎದ್ದಿದ್ದು ನಿನಗ, ಲೇ ಹುಚ್ಚಾ. ಅವ್ವ ನಿನ್ನ ಹಿಡಕೊಂಡಿದ್ಲು, ಆಮಸೂಲ ಹಚ್ಚಿದಾಕಿ ನಾ. ಉಸುರು ಕಟ್ಟಿ ಕಣ್ಣ ಮ್ಯಾಲ ಮಾಡಿದ್ದಿ."

ಮತ್ತೆ ಬೆನ್ನು ಹೇಗೆ ಕಾಣುತ್ತದೆ ಎಂದು ವಾದಿಸಿದೆ. ತಾನು ಎಷ್ಟು ಸಲ ಹೇಳಿದ್ದಾಳೋ, ಕೇಳಿ ಕೇಳಿ ನೋಡಿದಂತಾಗಿರಬೇಕು ಎಂದಳು. ಎಂ.ಎಸ್ಸಿ. ಮಾಡಿದವನಿಗೆ ತನ್ನ ಬೆನ್ನು ಯಾವುದೆಂದು ತಿಳಿಯದಲ್ಲ ಎಂದು ನಕ್ಕಳು. ನಾನು ನಂಬಲಿಲ್ಲ. ಸುಳ್ಳು ನೆನಪೊಂದು ಸರಿಯಾದ ಔಷಧ ಕೊಡಿಸಿತು ಎಂಬುದನ್ನು ಒಪ್ಪಲು ನನ್ನ ಓದು ಬಿಡಲಿಲ್ಲ.

ಆಮೇಲೆ ಏಳೆಂಟು ವರ್ಷ ಕಳೆದವು. ಅಕ್ಕ ಒಂದು ಬೇಸಿಗೆ ಎದೆನೋವೆಂದು ಕುಳಿತವಳು ಏಳಲಿಲ್ಲ. ಭಾನುವಾರದ ಬಸ್ಸು ನಿಂತಿತು. ಮರುವರ್ಷ ನನಗೆ ಚಿಕ್ಕೋಡಿಯಲ್ಲಿ ಹರ್ನಿಯಾದ ಆಪರೇಷನ್. ಕೊಯ್ಯುವ ಮುಂಚೆ ಸೋಂಕಾಗದಂತೆ ಸೆಫಲೋಸ್ಪೊರಿನ್ನಿನ ಒಂದು ಡೋಸ್ ಕೊಡುತ್ತಾರೆ. ನರ್ಸಮ್ಮ ಫಾರ್ಮು ಹಿಡಿದು ಬಂದು, ಯಾವುದಾದರೂ ಔಷಧ ಒಗ್ಗದೆ ಹೋಗಿದೆಯೇ ಎಂಬ ಅದೇ ಪ್ರಶ್ನೆ ಕೇಳಿದಳು. ಗೊತ್ತಿಲ್ಲ ಎಂದೆ. ಹೌದು ಇಲ್ಲ ಎರಡೇ ಮನೆ ಇವೆ, ಒಂದು ಹೇಳಿ ಎಂದಳು. ಬಚ್ಚಲ ಕಲ್ಲು, ಕಂದುಗೆಂಪು ನೀರು, ಆ ಬೆನ್ನು ಹಾಗೇ ಕಂಡವು. ಈಗಲೂ ಅದು ಅಕ್ಕನ ಬೆನ್ನೇ.

"ಐತಿ ಅಂತ ಬರೀರಿ. ಉಸುರು ಕಟ್ಟಿತ್ತು."

"ಯಾರು ಹೇಳ್ಯಾರ್ರಿ, ಡಾಕ್ಟ್ರಾ?"

"ಅಲ್ರಿ, ನಮ್ಮ ಅಕ್ಕ."

ಆಕೆ ಬರೆದುಕೊಂಡು ಹೋದಳು.