ಶ್ರುತಿ ಇಳಿಸಿದವರು

ಸೊಲ್ಲಾಪುರದ ಕೇಬಲ್ ಚಾನೆಲ್ಲೊಂದರ ಹಾಡಿನ ಸ್ಪರ್ಧೆಗೆ ನಾನು ನಿರೂಪಕಿ, ಹಾಡು ಬಲ್ಲ ಮಹಿಳೆಯೊಬ್ಬರು ತೀರ್ಪುಗಾರರು. ಅವರು ವ್ಯಾಪಾರಸ್ಥರ ಮನೆಯ ಸೊಸೆ. ಹಾಡು ಕೇಳುವಾಗ ಕಣ್ಣು ಮುಚ್ಚಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಯಾರು ಎಡವಿದರೂ ಅವರ ಮಾತು ಒಂದೇ: "ಮೊದಲ ನೀರು ಕುಡಿ, ಆಮ್ಯಾಲ ನೋಡೂಣು."

ಒಮ್ಮೆ ನಾಗಣಸೂರಿನ ಕುರಿ ಸಾಕುವವರ ಮನೆಯ ಹುಡುಗಿಯೊಬ್ಬಳು ಮರಾಠಿ ಸಿನಿಮಾ ಹಾಡು ಹಾಡುತ್ತಿದ್ದಳು. ಮೇಲಿನ ಸ್ವರದಲ್ಲಿ ಧ್ವನಿ ಒಡೆಯಿತು. "ಗಂಡಸಿನ ದನಿ ಐತಲ್ಲಲೇ!" ಎಂದು ಪ್ರೇಕ್ಷಕರಲ್ಲಿ ಯಾರೋ ನಕ್ಕರು. ಹುಡುಗಿ ಮೈಕು ಕೆಳಗಿಟ್ಟು ಹೊರಟೇಬಿಟ್ಟಳು.

"ನಿಂದ್ರ ತಂಗಿ," ಎಂದರು ಅವರು. "ಮೊದಲ ನೀರು ಕುಡಿ. ನಿನ್ನ ದನಿ ಕೆಟ್ಟಿಲ್ಲ, ನಾವು ಶ್ರುತಿ ಏರಿಸಿ ಇಟ್ಟೀವಿ. ಪೇಟಿಯವರ, ಸ್ವಲ್ಪ ಇಳಸ್ರಿ," ಎಂದು ಹಾರ್ಮೋನಿಯಂ ನುಡಿಸುವವರಿಗೆ ಹೇಳಿದರು.

"ಮ್ಯಾಡಮ್, ಎರಡನೇ ಚಾನ್ಸ್ ನಿಯಮದಾಗ ಇಲ್ರಿ," ಎಂದರು ನಿರ್ದೇಶಕರು.

"ಹಂಗಾರ ನನ್ನ ಖುರ್ಚಿನೂ ತಗೀರಿ," ಎಂದು ಅವರು ಎದ್ದು ನಿಂತರು.

ನಿರ್ದೇಶಕರು ಒಪ್ಪಲೇಬೇಕಾಯಿತು. ಕೆಳಗಿನ ಶ್ರುತಿಯಲ್ಲಿ ಹುಡುಗಿಯ ದಪ್ಪ ಕಂಠ ಸಭಾಂಗಣವನ್ನೆಲ್ಲ ತುಂಬಿತು. ನಕ್ಕವರೂ ಚಪ್ಪಾಳೆ ತಟ್ಟಿದರು.

ಅವಳು ಗೆಲ್ಲಲಿಲ್ಲ. ಆದರೆ ಮರುವರ್ಷ ಅಕ್ಕಲಕೋಟೆಯಲ್ಲಿ ಇದೇ ಸ್ಪರ್ಧೆಗೆ ಆಯ್ಕೆ ನಡೆದಾಗ, ಅಂಥದೇ ಕಂಠದ ಇನ್ನೊಬ್ಬ ಹುಡುಗಿ ಹಾಡಲು ಬಂದಳು. ಶುರುಮಾಡುವ ಮೊದಲೇ ಪೇಟಿಯವರ ಕಡೆ ತಿರುಗಿ ಹೇಳಿದಳು:

"ಕಾಕಾ, ನನ್ನ ಶ್ರುತಿ ಕೆಳಗ ಐತ್ರಿ. ಅಲ್ಲಿಂದನ ಹಿಡೀರಿ."